ನಾರ್ವೆಯ ಹಿರಿಯರ ಊರು ಪತ್ತೆಯಾದ ಬಗೆ: ನನ್ನ ಅನುಭವ

ಮಿನ್ನೆಸೋಟಾದಲ್ಲಿರುವ ನನ್ನ ಅಳಿಯನ ವಂಶಮೂಲವನ್ನು ಹುಡುಕುವಾಗ ಎದುರಾದ ದೊಡ್ಡ ತೊಡಕೆಂದರೆ, ಅಮೆರಿಕದ ಜನಗಣತಿಯಲ್ಲಿ ಅವನ ಹಿರಿಯರ ಜನ್ಮಸ್ಥಳ ‘ನಾರ್ವೆ’ ಎಂದಷ್ಟೇ ದಾಖಲಾಗಿತ್ತು. ನಾರ್ವೆಯ ಚರ್ಚ್ ದಾಖಲೆಗಳಾದರೋ ಪ್ಯಾರಿಷ್‌ವಾರು, ಅಂದರೆ ಒಂದೊಂದು ಚರ್ಚಿನ ವ್ಯಾಪ್ತಿಯ ಪ್ರದೇಶಕ್ಕೆ ಬೇರೆಬೇರೆಯಾಗಿ, ಇರುವುದರಿಂದ ಊರು ತಿಳಿಯದೆ ಮುಂದೆ ಸಾಗುವಂತಿರಲಿಲ್ಲ. ದಾರಿ ತೆರೆದದ್ದು ವಲಸಿಗರ ಲುಥೆರನ್ ಚರ್ಚಿನ ಸದಸ್ಯರ ಪುಸ್ತಕ. ಅದರಲ್ಲಿ ಹುಟ್ಟಿದ ತಾರೀಖಿನ ಪಕ್ಕದಲ್ಲೇ ಪ್ಯಾರಿಷ್‌ನ ಹೆಸರಿತ್ತು.

ನಾರ್ವೆಯ ಸರ್ಕಾರಿ ದಾಖಲೆಗಳ ಜಾಲತಾಣವಾದ ಡಿಜಿಟಾಲ್‌ಆರ್ಕಿವೆಟ್‌ನಲ್ಲಿ ಹಳೆಯ ಚರ್ಚ್ ಪುಸ್ತಕಗಳ ಚಿತ್ರಗಳು ಉಚಿತವಾಗಿ ಸಿಗುತ್ತವೆ. ಆದರೆ ಅಮೆರಿಕದ ಅಡ್ಡಹೆಸರಿನಿಂದ ಹುಡುಕಿದರೆ ಏನೂ ದೊರೆಯಲಿಲ್ಲ, ಏಕೆಂದರೆ ಅದು ಅವರು ವಾಸಿಸಿದ್ದ ಜಮೀನಿನ ಹೆಸರಾಗಿತ್ತು. ಹಳ್ಳಿಗಾಡಿನಲ್ಲಿ ಹಾನ್ಸ್‌ನ ಮಗ ಹಾನ್ಸೆನ್, ಮಗಳು ಹಾನ್ಸ್‌ದಾತ್ತರ್ ಎನಿಸುತ್ತಿದ್ದರು. ಇದರ ಜೊತೆಗೆ ಸೇರಿಸುತ್ತಿದ್ದ ಜಮೀನಿನ ಹೆಸರು, ವಾಸದ ಜಮೀನು ಬದಲಾದರೆ ತಾನೂ ಬದಲಾಗುತ್ತಿತ್ತು. ಕುಟುಂಬಕ್ಕೊಂದು ಸ್ಥಿರವಾದ ಅಡ್ಡಹೆಸರನ್ನು ಕಾನೂನು ಕಡ್ಡಾಯಗೊಳಿಸಿದ್ದು 1923ರಲ್ಲಿ. ಆದ್ದರಿಂದ ಅಡ್ಡಹೆಸರನ್ನು ಬಿಟ್ಟು, ಸ್ವಂತ ಹೆಸರು, ತಂದೆಯ ಹೆಸರು ಮತ್ತು ಜನ್ಮದಿನಾಂಕ ಇವಿಷ್ಟನ್ನೇ ಹಿಡಿದು ಹುಡುಕಿದೆ.

ದೀಕ್ಷಾಸ್ನಾನದ ನಮೂದು ಸಿಕ್ಕಿತು. ಒಂದೇ ಹೆಸರಿನವರು ಹಲವರಿರುವ ಕಾರಣ ಅಷ್ಟಕ್ಕೇ ನಂಬುವುದು ಸರಿಯಲ್ಲವೆಂದು ಹದಿಹರೆಯದಲ್ಲಿ ಚರ್ಚಿನಲ್ಲಿ ನಡೆಯುವ ದೃಢೀಕರಣ ಸಂಸ್ಕಾರದ ಪುಟವನ್ನೂ ನೋಡಿದೆ. ಅಲ್ಲಿ ಹೆತ್ತವರ ಹೆಸರು, ಜಮೀನು, ಸಿಡುಬಿನ ಲಸಿಕೆ ಹಾಕಿಸಿದ ದಿನಾಂಕವೂ ಇದ್ದವು! 1865ರ ಜನಗಣತಿಯಲ್ಲಿ ಅದೇ ಜಮೀನಿನಲ್ಲಿ ಒಡಹುಟ್ಟಿದವರೂ ಕಂಡರು. ಕೊನೆಗೆ ಊರು ತೊರೆದವರ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ‘ಅಮೆರಿಕ’ ಎಂದಿದ್ದುದನ್ನು ಓದಿದಾಗ ಅಳಿಯನ ಕಣ್ಣು ತುಂಬಿತು.

ಹಿರಿಯರು ಕ್ರಿಸ್ತಿಯಾನಿಯಾ, ಅಂದರೆ ಇಂದಿನ ಓಸ್ಲೋ, ಅಥವಾ ತ್ರೋಂಡ್‌ಹೈಮ್ ಬಂದರಿನಿಂದ ಹೊರಟಿದ್ದರೆ, 1867ರಿಂದ ಆರಂಭವಾಗುವ ಪೊಲೀಸ್ ವಲಸೆ ದಾಖಲೆಗಳನ್ನೂ ನೋಡಬಹುದು.