ಮಲಯಾಳಂ ಬ್ರೈಲ್ ಹಿಡಿದು ಕನ್ನಡ ಕಲಿಸಿದೆ: ನನ್ನ ಅನುಭವ

ಕನ್ನಡ ಮಾಧ್ಯಮದ, ಕಣ್ಣು ಕಾಣದ ಮಗುವಿಗೆ ಮಲಯಾಳಂ ಬ್ರೈಲ್ ಕೈಪಿಡಿಯಿಂದ ಕಲಿಸುತ್ತೇನೆ ಎಂದಾಗ ಸಭೆಯಲ್ಲಿ ನಕ್ಕವರೇ ಈಗ ಹೇಗೆ ಕಲಿಸಿದೆಯೆಂದು ವಿಚಾರಿಸಿ ಫೋನು ಮಾಡುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. ಬ್ರೈಲ್ ಎಂದರೆ ಆರು ಉಬ್ಬು ಚುಕ್ಕಿಗಳ ಜೋಡಣೆಯಿಂದಾದ, ಬೆರಳಿನಿಂದ ಓದುವ ಲಿಪಿ.

ಸಾಮಾನ್ಯ ಶಾಲೆಗಳಲ್ಲಿರುವ ಅಂಗವಿಕಲ ಮಕ್ಕಳಿಗೆ ಕಲಿಸುವ ಸಂಪನ್ಮೂಲ ಶಿಕ್ಷಕಿ ನಾನು. ಊರು ಕೇರಳಕ್ಕೆ ಸೇರಿದ್ದರಿಂದ ನನಗೆ ದೊರೆತ ತರಬೇತಿಯೂ ಕೈಪಿಡಿಯೂ ಮಲಯಾಳದವು. ಕಾಸರಗೋಡು ಜಿಲ್ಲೆಯ ಪೆರ್ಲದ ಆಚೆಯ ಶಾಲೆಯೊಂದರಲ್ಲಿ ಮೂರನೆಯ ತರಗತಿಯಲ್ಲಿದ್ದ ಹುಡುಗಿಯನ್ನು ದೂರದ ಅಂಧರ ವಸತಿಶಾಲೆಗೆ ಕಳುಹಿಸಬೇಕೆಂಬುದೇ ಎಲ್ಲರ ಸಲಹೆಯಾಗಿತ್ತು. 1887ರಲ್ಲಿ ಅಮೃತಸರದಲ್ಲಿ ದೇಶದ ಮೊದಲ ಅಂಧರ ಶಾಲೆ ತೆರೆದಂದಿನಿಂದ ರೂಢಿಯಾದ ದಾರಿ ಅದು. ಸಾಮಾನ್ಯ ಶಾಲೆಯಲ್ಲೇ ಓದಿಸುವ ಕೇಂದ್ರ ಯೋಜನೆ 1974ರಲ್ಲಿಯೇ ಬಂದಿದ್ದರೂ ನಮ್ಮವರ ಬಾಯಿಗೆ ಮೊದಲು ಬರುವುದು ಹಾಸ್ಟೆಲೇ. “ಅಲ್ಲಿ ಹೋದರೆ ಕನ್ನಡ ಹೋಯಿತಲ್ಲ ಟೀಚರೇ” ಎಂದು ತಾಯಿ ಹೇಳಿದ ಮೇಲೆ ನನಗೂ ಹಟ ಬಂತು.

ನಕ್ಕವರು ಮರೆತದ್ದು ಇಷ್ಟೇ: 1951ರಲ್ಲಿ ಒಪ್ಪಿತವಾದ ಭಾರತಿ ಬ್ರೈಲಿನಲ್ಲಿ ಒಂದು ಧ್ವನಿಗೆ ಭಾರತದ ಭಾಷೆಗಳಲ್ಲೆಲ್ಲ ಬಹುಮಟ್ಟಿಗೆ ಒಂದೇ ಚುಕ್ಕಿಗಳು. ‘ಕಮಲ’ ಎರಡು ಭಾಷೆಗಳಲ್ಲಿಯೂ ಬೆರಳಿಗೆ ಒಂದೇ. ಸ್ವರವಿಲ್ಲದ ವ್ಯಂಜನಕ್ಕೆಂದು ಮಲಯಾಳದಲ್ಲಿರುವ ಚಿಲ್ಲಕ್ಷರ, ‘ೞ’ಕಾರಗಳನ್ನು ಬಿಟ್ಟು ಕೈಪಿಡಿಯನ್ನು ಹಾಗೆಯೇ ಬಳಸಿದೆ.

ಆದರೆ ಮೊದಲ ಆರು ತಿಂಗಳು ವ್ಯರ್ಥವಾದವು. ಮೊಟ್ಟೆಯ ಟ್ರೇಯನ್ನು ಆರಾರು ಗುಳಿಗಳಿಗೆ ಕತ್ತರಿಸಿ ಅಡಿಕೆ ಇಟ್ಟು ಕಲಿಸಿದೆ. ಅಡಿಕೆಯಲ್ಲಿ ತಪ್ಪದೆ ಹೇಳುತ್ತಿದ್ದವಳಿಗೆ ಕಾಗದದ ಮೇಲೆ ಒಂದಕ್ಷರವೂ ಹತ್ತಲಿಲ್ಲ. ಅಂಗೈಯಷ್ಟು ದೊಡ್ಡದನ್ನು ತಡವಿ ಎಣಿಸುವುದು ಬೇರೆ, ಬೆರಳ ತುದಿಯಲ್ಲಿ ಒಮ್ಮೆಲೇ ಗುರುತಿಸುವುದು ಬೇರೆ. ಚುಕ್ಕಿ ಒತ್ತುವ ಬ್ರೈಲ್ ಸ್ಲೇಟು, ಮೊಳೆ, ದಪ್ಪ ಕಾಗದಕ್ಕೆಂದು ಕೈಯಿಂದ ಸುಮಾರು ಎರಡು ಸಾವಿರ ಹೋಯಿತು. ಬಿಲ್ಲು ಕೊಟ್ಟರೂ ಹಣ ಬರಲಿಲ್ಲ. ಕೊನೆಗೆ ಮದುವೆಯ ಆಮಂತ್ರಣ ಪತ್ರಗಳನ್ನು ಬೇಡಿ ತಂದೆ. ಜುಲೈಯ ಮಳೆಯ ತೇವಕ್ಕೆ ಚುಕ್ಕಿಗಳೆಲ್ಲ ಕುಸಿದಾಗ, ಹಾಳೆಗಳನ್ನು ಒಲೆಯ ಮೇಲಿನ ಅಟ್ಟದಲ್ಲಿಡಲು ಹೇಳಿದವರು ಅವಳ ಅಜ್ಜಿ. ಹೊಗೆ ಬಡಿದು ಹಳದಿಯಾದರೂ ಚುಕ್ಕಿ ನಿಂತಿತು.

ಅಕ್ಷರಗಳನ್ನು ಕೈಪಿಡಿಯ ಕ್ರಮದಲ್ಲಿ ನಾನು ಕಲಿಸಲಿಲ್ಲ. ಯಾವ ಅಕ್ಷರದ ನಂತರ ಯಾವುದು ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಬಂದು ಕೇಳಿದವರಿಗೆ ಹೇಳುತ್ತೇನೆ. ನಡುವೆ ಪಕ್ಕದ ಬೆಂಚಿನ ನಾಲ್ವರಿಗೂ ಬ್ರೈಲ್ ಕಲಿಸಿ ನೋಡಿದೆ. ಅವರು ಕಣ್ಣಿನಿಂದಲೇ ಓದಿದರು, ಬೆರಳು ಪಳಗಲಿಲ್ಲ. ಆದರೂ ಮೇಜಿನಡಿ ಗುಟ್ಟಿನ ಚೀಟಿಗಳು ಓಡಾಡತೊಡಗಿದ್ದರಿಂದ ಅವಳ ಓದಿನ ವೇಗ ಹೆಚ್ಚಿತು.

ಹೆಚ್ಚು ಕಾಡಿದ್ದು ಒತ್ತಕ್ಷರ. ನಾವು ಅಕ್ಷರದ ಕೆಳಗೆ ಬರೆಯುವುದನ್ನು ಬ್ರೈಲಿನಲ್ಲಿ ನಾಲ್ಕನೆಯ ಚುಕ್ಕಿಯನ್ನು ಜೋಡಿಯ ಮೊದಲ ಅಕ್ಷರಕ್ಕಿಂತ ಮುಂಚೆ ಒತ್ತಿ ಸೂಚಿಸಬೇಕು. ಅದನ್ನು ಬಿಟ್ಟು ಅವಳು ತಿಂಗಳುಗಟ್ಟಲೆ ‘ಅಕಕ’ ಎಂದೇ ಬರೆದಳು. ಎರಡನೆಯ ವರ್ಷದ ದಸರಾ ರಜೆ ಮುಗಿದ ಮೇಲೆ ತಂದುಕೊಟ್ಟ ಹಾಳೆಯಲ್ಲಿ ‘ಅಕ್ಕ’ ಸರಿಯಾಗಿತ್ತು. ಚುಕ್ಕಿ ಹಾಳೆಯ ಹಿಂಬದಿಯಲ್ಲಿ ಏಳುವುದರಿಂದ ಸ್ಲೇಟಿನಲ್ಲಿ ಬಲದಿಂದ ಎಡಕ್ಕೆ ಒತ್ತಬೇಕು. ಹಾಗೆ ಒತ್ತುವಾಗ ನಾನೇ ತಿರುವುಮುರುವು ಮಾಡಿದ್ದ ‘ನ’ಕಾರವನ್ನೂ ಅವಳು ತಿದ್ದಿಟ್ಟಿದ್ದಳು.