ಜೆಮ್ ಬಿಡ್: ದರ ಹಾಕುವ ಮೊದಲಿನ ಕೆಲಸ

ತುಮಕೂರಿನ ಅಂತರಸನಹಳ್ಳಿ, ವಸಂತನರಸಾಪುರದ ಸಣ್ಣ ಘಟಕಗಳಿಗೆ ಜೆಮ್ (ಕೇಂದ್ರ ಸರ್ಕಾರದ ಆನ್‌ಲೈನ್ ಖರೀದಿ ಪೋರ್ಟಲ್) ಬಿಡ್ ತಯಾರಿಸಿಕೊಡುವಾಗ ದರದ ಮಾತನ್ನು ನಾವು ಕೊನೆಗಿಡುತ್ತೇವೆ. ಎಷ್ಟೋ ಬಿಡ್‌ಗಳು ದರದವರೆಗೆ ಹೋಗುವುದೇ ಇಲ್ಲ, ದಾಖಲೆ, ಅರ್ಹತೆ ನೋಡುವ ಟೆಕ್ನಿಕಲ್ ಹಂತದಲ್ಲೇ ಉದುರುತ್ತವೆ.

ಮೊದಲು ಪ್ಯಾನ್, ಜಿಎಸ್‌ಟಿ, ಉದ್ಯಮ್ (ಕಿರು, ಸಣ್ಣ, ಮಧ್ಯಮ ಉದ್ದಿಮೆಗಳ ಕೇಂದ್ರ ನೋಂದಣಿ), ಬ್ಯಾಂಕ್ ಪಾಸ್‌ಬುಕ್ಕನ್ನು ಪಕ್ಕಪಕ್ಕ ಇಟ್ಟು ಹೆಸರನ್ನು ಅಕ್ಷರ ಅಕ್ಷರ ಓದುತ್ತೇವೆ. ಒಂದರಲ್ಲಿ ‘ಇಂಡಸ್ಟ್ರೀಸ್’, ಇನ್ನೊಂದರಲ್ಲಿ ‘ಎಂಜಿನಿಯರಿಂಗ್ ವರ್ಕ್ಸ್’ ಎಂದಿದ್ದರೆ ತಿದ್ದಿಸಿಯೇ ಮುಂದಿನ ಮಾತು. ಆಮೇಲೆ ಉದ್ಯಮ್‌ನ ಎನ್‌ಐಸಿ ಕೋಡ್, ಅಂದರೆ ಘಟಕದ ಕಸುಬು ಯಾವುದೆಂದು ಹೇಳುವ ಸಂಖ್ಯೆ. ಕಬ್ಬಿಣದ ಬೀರು ಮಾಡುವವರ ಸರ್ಟಿಫಿಕೇಟ್‌ನಲ್ಲಿ ಬರೀ ವ್ಯಾಪಾರದ ಕೋಡ್ ಇದ್ದರೆ ಕೆಟ್ಟಿತು: 2012ರ ಕೇಂದ್ರ ಖರೀದಿ ನೀತಿಯ ಲಾಭ ತಯಾರಕರಿಗೂ ಸೇವೆ ಕೊಡುವವರಿಗೂ ಇದೆ, ಟ್ರೇಡರ್‌ಗಳಿಗಿಲ್ಲ. ಉದ್ಯಮ್ ನೋಂದಣಿ ಪುಕ್ಕಟೆ. ಸರ್ಕಾರಿ ಫೀಸು ಎಂದು ಯಾರಾದರೂ ಕೇಳಿದರೆ ಎದ್ದು ಬನ್ನಿ.

ಆ ನೀತಿಯ ಪ್ರಕಾರ ಕೇಂದ್ರದ ಇಲಾಖೆಗಳು, ಎಚ್‌ಎಎಲ್‌ನಂಥ ಉದ್ದಿಮೆಗಳು (ಗುಬ್ಬಿಯಲ್ಲೇ ಅದರ ಹೆಲಿಕಾಪ್ಟರ್ ಕಾರ್ಖಾನೆ ಇದೆ) ವರ್ಷದ ಖರೀದಿಯಲ್ಲಿ ಕನಿಷ್ಠ ಶೇ 25ರಷ್ಟನ್ನು ಕಿರು ಮತ್ತು ಸಣ್ಣ ಘಟಕಗಳಿಂದ ಕೊಳ್ಳಬೇಕು. ಇಎಂಡಿ (ಬಿಡ್ ಜೊತೆ ಇಡುವ ಠೇವಣಿ) ಮನ್ನಾ. ದೊಡ್ಡ ಕಂಪನಿ 100 ರೂಪಾಯಿಗೆ ಎಲ್-1 (ಎಲ್ಲರಿಗಿಂತ ಕಡಿಮೆ ದರದವರು) ಆಗಿ, ನಿಮ್ಮದು 114 ಇದ್ದರೂ ಶೇ 15ರ ಒಳಗಿದ್ದೀರಿ. 100ಕ್ಕೆ ಇಳಿಯಲು ಒಪ್ಪಿದರೆ ಆರ್ಡರಿನಲ್ಲಿ ಪಾಲು ಉಂಟು. ಗಿಟ್ಟುತ್ತದೆಯೇ ಎಂಬ ಲೆಕ್ಕ ಮೊದಲೇ ಕೈಯಲ್ಲಿರಲಿ. ಈ ಮನ್ನಾ ಎಲ್ಲಕ್ಕೂ ಇಲ್ಲ. ಆರ್ಡರ್ ಬಂದ ಮೇಲೆ ಕೊಡಬೇಕಾದ ಪರ್ಫಾರ್ಮೆನ್ಸ್ ಗ್ಯಾರಂಟಿಗೆ ಬ್ಯಾಂಕ್ ಮಾರ್ಜಿನ್ ಹಣ (ಗ್ಯಾರಂಟಿ ಮೊತ್ತದ ಒಂದು ಪಾಲು ಠೇವಣಿ) ಕೇಳುತ್ತದೆ.

ರಾಜ್ಯ ಇಲಾಖೆಗಳ ಕೆಪಿಪಿಪಿ (ಕರ್ನಾಟಕದ ಖರೀದಿ ಪೋರ್ಟಲ್) ಟೆಂಡರ್ ಬೇರೆಯೇ ದಾರಿ. ಅದು 1999ರ ಕೆಟಿಪಿಪಿ (ರಾಜ್ಯದ ಖರೀದಿ ಪಾರದರ್ಶಕತೆ) ಕಾಯ್ದೆಯಡಿ ನಡೆಯುವುದು. ಉದ್ಯಮ್ ಇದೆಯೆಂದು ಅಲ್ಲೂ ಇಎಂಡಿ ಕಟ್ಟದೆ ಕೂತರೆ ರಿಜೆಕ್ಟ್ ಆದೀತು. ಆ ಟೆಂಡರಿನ ಷರತ್ತನ್ನೇ ಓದಬೇಕು. ಕ್ಲಾಸ್-3 ಡಿಎಸ್‌ಸಿಯ (ಡಿಜಿಟಲ್ ಸಹಿಯ ಸರ್ಟಿಫಿಕೇಟ್) ಅವಧಿಯನ್ನೂ ನೋಡಿಕೊಳ್ಳಿ. ಕೊನೆಯ ದಿನ ಸಂಜೆ ಆ ಸಹಿಯ ಯುಎಸ್‌ಬಿ ಟೋಕನ್ ಚುಚ್ಚಿದಾಗ ಅವಧಿ ಮುಗಿದಿರುವುದು ಗೊತ್ತಾದರೆ ಯಾರೂ ಏನೂ ಮಾಡಲಾರರು.

ಇನ್ನು ದರ. ಜೆಮ್‌ನಲ್ಲಿ ಹಾಕುವ ಅಂಕಿಯೊಳಗೆ ಜಿಎಸ್‌ಟಿ, ಸಾಗಣೆ ಎಲ್ಲ ಸೇರಿರುತ್ತದೆ. 40 ಬೀರುವಿಗೆ ತಲಾ 9,000 ಎಂದು ತೆರಿಗೆ ಬಿಟ್ಟ ದರ ಹಾಕಿದರೆ, ಅದರೊಳಗಿನ ಶೇ 18 ಜಿಎಸ್‌ಟಿ ಕಳೆದು ಕೈಗೆ ಬರುವುದು 7,627. ಒಂದಕ್ಕೆ 1,373ರಂತೆ ಸುಮಾರು 55,000 ರೂಪಾಯಿ ಹೋಯಿತು. ಬಿಡ್‌ನ ಕೊನೆಯಲ್ಲಿರುವ ಕನ್ಸೈನಿ (ಮಾಲು ಪಡೆಯುವವರ) ಪಟ್ಟಿಯನ್ನೂ ಬಿಡದೆ ನೋಡುತ್ತೇವೆ: ಖರೀದಿದಾರರ ಆಫೀಸು ಬೆಂಗಳೂರಿನಲ್ಲಿ, ಹತ್ತು ಬೀರು ಇಳಿಸಬೇಕಾದ್ದು ಪಾವಗಡದಲ್ಲಿ ಇರಬಹುದು. ಅಲ್ಲಿಗೊಂದು ಪ್ರತ್ಯೇಕ ಗಾಡಿ, ಹಮಾಲಿ.

ಮಾಲು ಇಳಿದ ಮೇಲೆ ಕನ್ಸೈನಿ ಸಿಆರ್‌ಎಸಿ (ಮಾಲು ಬಂದಿದೆ, ಒಪ್ಪಿದ್ದೇವೆ ಎಂಬ ಸರ್ಟಿಫಿಕೇಟ್) ಕೊಡದೆ ಹಣ ಕದಲುವುದಿಲ್ಲ. ಜೆಮ್ ಇನ್‌ವಾಯ್ಸ್‌ಗೂ ನಿಮ್ಮ ಜಿಎಸ್‌ಟಿ ಬಿಲ್ಲಿಗೂ ಮೊತ್ತ, ಎಚ್‌ಎಸ್‌ಎನ್ (ಸರಕಿನ ತೆರಿಗೆ ಕೋಡ್) ತಾಳೆಯಾಗದಿದ್ದರೆ ಬಿಲ್ ಅಲ್ಲೇ ನಿಲ್ಲುತ್ತದೆ. ತೆರಿಗೆ ಬಿಟ್ಟು 2.5 ಲಕ್ಷ ದಾಟಿದ ಗುತ್ತಿಗೆಗೆ ಶೇ 2 ಜಿಎಸ್‌ಟಿ ಟಿಡಿಎಸ್ (ಹಣ ಕೊಡುವಾಗಲೇ ಮುರಿಯುವ ತೆರಿಗೆ) ಹಿಡಿಯುತ್ತಾರೆ. ಮೇಲಿನ ಆರ್ಡರಿನಲ್ಲಿ ಅದು ಸುಮಾರು 6,100. ಜಿಎಸ್‌ಟಿ ಪೋರ್ಟಲ್‌ನಲ್ಲಿ ನೀವೇ ಅಕ್ಸೆಪ್ಟ್ ಒತ್ತಿದರೆ ಮಾತ್ರ ಅದು ನಿಮ್ಮ ಕ್ಯಾಶ್ ಲೆಡ್ಜರಿಗೆ (ಜಿಎಸ್‌ಟಿ ಕಟ್ಟಲು ಬಳಸುವ ಖಾತೆ) ಬರುತ್ತದೆ. ಎಷ್ಟೋ ಘಟಕಗಳ ಹಣ ಹೀಗೇ ಕೊಳೆಯುತ್ತಿರುತ್ತದೆ. ಹೆಚ್ಚು ದಿನದ ಒಪ್ಪಂದವಿದ್ದರೂ ಹಣ ಬರುವುದು 45 ದಿನ ಮೀರಿದರೆ 2006ರ ಎಂಎಸ್‌ಎಂಇಡಿ ಕಾಯ್ದೆಯಡಿ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು. ಅದಕ್ಕೆ ಉದ್ಯಮ್ ನೋಂದಣಿಯನ್ನು ಆರ್ಡರಿಗಿಂತ ಮೊದಲೇ ಮಾಡಿಸಿಕೊಂಡಿರಿ.