ಕಾಲೇಜಿಗೆ ನಿಮ್ಮ ಮನೆಯಿಂದ ಹೋದದ್ದೆಷ್ಟು, ಮನೆಗೆ ಬಂದದ್ದೆಷ್ಟು?

ಮದುವೆ ಊಟದ ಪಂಕ್ತಿಯಲ್ಲಿ ಹೋಳಿಗೆ ಬಡಿಸುವ ಹೊತ್ತಿಗೆ ಸರಿಯಾಗಿ ನಮ್ಮ ಭಾವ ಶುರು ಹಚ್ಚಿಕೊಂಡರು: "ಟ್ಯಾಕ್ಸ್ ಕಟ್ಟೋರು ನಾವು, ಪುಕ್ಕಟೆ ಓದೋರು ಇನ್ಯಾರೋ." ಸರ್ಕಾರಿ ಕಾಲೇಜು, ಸ್ಕಾಲರ್‌ಶಿಪ್, ಫೀಸು ವಿನಾಯಿತಿ ಎಂಬ ಸುದ್ದಿ ಬಂದಾಗಲೆಲ್ಲ ಕೇಳುವ ಮಾತಿದು. ವಾದ ಮಾಡಿದರೆ ಹೋಳಿಗೆ ಆರುತ್ತದೆ ಅಷ್ಟೆ. ಲೆಕ್ಕ ಹಾಕಿ ನೋಡಬಹುದು. ಬೇಕಾದದ್ದು ಒಂದು ನೋಟ್‌ಬುಕ್, ಫಾರ್ಮ್ 16 (ಸಂಬಳ ಮತ್ತು ಅದರಲ್ಲಿ ಕಡಿದ ತೆರಿಗೆ ತೋರಿಸಿ ಆಫೀಸಿನವರು ಕೊಡುವ ಪತ್ರ), ಒಂದು ತಿಂಗಳ ಬಿಲ್ಲುಗಳು ಮತ್ತು ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್. ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ತೆರಿಗೆಯಾಗಿ ಕೊಟ್ಟದ್ದು, ಬಲಕ್ಕೆ ಓದಿಗಾಗಿ ಸರ್ಕಾರದಿಂದ ಬಂದದ್ದು ಬರೆಯುತ್ತಾ ಹೋಗಿ.

ಮೊದಲು ಫಾರ್ಮ್ 16 ಬಿಡಿಸಿ

ಭಾವನ ಸಂಬಳ ವರ್ಷಕ್ಕೆ 15 ಲಕ್ಷ. 2025-26ರ ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ಸಂಬಳದವರಿಗೆಲ್ಲ ಸಿಗುವ 75,000 ರೂಪಾಯಿ ಕಡಿತ (ಸ್ಟ್ಯಾಂಡರ್ಡ್ ಡಿಡಕ್ಷನ್) ಕಳೆದರೆ 14.25 ಲಕ್ಷ ಉಳಿಯಿತು. ತೆರಿಗೆ 93,750. ಅದರ ಮೇಲೆ ಶೇ 4ರ ಆರೋಗ್ಯ ಮತ್ತು ಶಿಕ್ಷಣ ಸೆಸ್, ಅಂದರೆ ಒಂದು ಉದ್ದೇಶದ ಹೆಸರಿನಲ್ಲಿ ತೆರಿಗೆಯ ಮೇಲೆ ಹಾಕುವ ತೆರಿಗೆ, 3,750. ಒಟ್ಟು 97,500.

ಇವೆರಡನ್ನೂ ಬೇರೆ ಬೇರೆ ಸಾಲಿನಲ್ಲೇ ಬರೆಯಿರಿ. ಶಿಕ್ಷಣದ ಹೆಸರು ಹೊತ್ತಿರುವುದು ಆ 3,750 ಮಾತ್ರ, ಅದರಲ್ಲೂ ಆರೋಗ್ಯಕ್ಕೆ ಪಾಲಿದೆ. ಸೆಸ್ ಹಣವನ್ನು ಕೇಂದ್ರ ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಿಲ್ಲ. ಪ್ರೌಢ ಮತ್ತು ಉನ್ನತ ಶಿಕ್ಷಣದ ಹೆಸರಿನಲ್ಲಿ ಶೇ 1ರ ಸೆಸ್ 2007ರಲ್ಲೇ ಬಂತು. ಆ ಹಣ ಇಡಲು ಪ್ರತ್ಯೇಕ ನಿಧಿಗೆ ಕೇಂದ್ರ ಸಂಪುಟ ಒಪ್ಪಿದ್ದು 2017ರ ಆಗಸ್ಟ್‌ನಲ್ಲಿ. ಹತ್ತು ವರ್ಷ ಹುಂಡಿ ಇಲ್ಲದೆ ಕಾಣಿಕೆ ಎತ್ತಿದ ಹಾಗಾಯಿತು. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯೂ ಇದನ್ನು ಎತ್ತಿ ತೋರಿಸಿತ್ತು.

ಇನ್ನು 93,750. ಕೇಂದ್ರದ ತೆರಿಗೆಯನ್ನು ರಾಜ್ಯಗಳಿಗೆ ಹಂಚಲು ಹದಿನೈದನೇ ಹಣಕಾಸು ಆಯೋಗ ಹಾಕಿದ್ದ, 2025-26ರವರೆಗಿನ ಸೂತ್ರದ ಪ್ರಕಾರ ಇದರ ಶೇ 41 ರಾಜ್ಯಗಳಿಗೆ, ಅದರಲ್ಲಿ ಕರ್ನಾಟಕಕ್ಕೆ ಶೇ 3.647. ಗುಣಿಸಿದರೆ ಬರುವುದು ಸುಮಾರು 1,400 ರೂಪಾಯಿ. ಭಾವ ಎರಡು ಸಲ ಕ್ಯಾಲ್ಕುಲೇಟರ್ ಒತ್ತಿ ನೋಡಿದರು. ಮಗ್ಗುಲಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ನಡೆಸುವುದು ರಾಜ್ಯ ಸರ್ಕಾರ ಎಂಬುದು ಇಲ್ಲಿ ನೆನಪಿರಲಿ.

ಆಮೇಲೆ ಬಿಲ್ಲುಗಳು

ಸಂಬಳದ ತೆರಿಗೆ ಇಲ್ಲದವರು ಇಲ್ಲಿಂದಲೇ ಶುರು ಮಾಡಬಹುದು. ತಿಂಗಳಿಗೆ ಲಕ್ಷ ರೂಪಾಯಿ ಸಂಬಳದವರೂ ಇದೇ ಸಾಲಿನಲ್ಲಿದ್ದಾರೆ, 2025-26ರಲ್ಲಿ 12.75 ಲಕ್ಷದವರೆಗಿನ ಸಂಬಳಕ್ಕೆ ತೆರಿಗೆ ಸೊನ್ನೆ, ಸೆಸ್ಸೂ ಸೊನ್ನೆ.

ಎಂಆರ್‌ಪಿಯಲ್ಲಿ ಜಿಎಸ್‌ಟಿ ಸೇರಿಯೇ ಇರುತ್ತದೆ. ಹೆಚ್ಚಿನವರು ತಪ್ಪುವುದು ಇಲ್ಲೇ. 11,800 ರೂಪಾಯಿಯ ಮೊಬೈಲಿಗೆ ಶೇ 18 ಅಂದರೆ 2,124 ಅಂತ ಬರೆದುಬಿಡುತ್ತಾರೆ. ಬೆಲೆಯನ್ನು 18ರಿಂದ ಗುಣಿಸಿ 118ರಿಂದ ಭಾಗಿಸಿ: 1,800. ರಾಜ್ಯದೊಳಗೇ ಕೊಂಡಿದ್ದರೆ ಅರ್ಧ ರಾಜ್ಯಕ್ಕೆ, ಅರ್ಧ ಕೇಂದ್ರಕ್ಕೆ. ಸೋಪು, ಟೂತ್‌ಪೇಸ್ಟ್, ಬಿಸ್ಕತ್ತಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 5.

ಪೆಟ್ರೋಲ್ ಜಿಎಸ್‌ಟಿಯ ಹೊರಗಿದೆ. ರಾಜ್ಯದ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಶೇ 25.92ರಿಂದ 29.84ಕ್ಕೆ ಏರಿತು. ಕೇಂದ್ರದ ಅಬಕಾರಿ ಸುಂಕ 2025ರ ಏಪ್ರಿಲ್‌ನಲ್ಲಿ ಲೀಟರಿಗೆ 21.90 ರೂಪಾಯಿ ಆಯಿತು. ಆ ದರದಲ್ಲಿ ನೂರು ರೂಪಾಯಿಯ ಪೆಟ್ರೋಲ್ ಹಾಕಿಸಿದರೆ ರಾಜ್ಯಕ್ಕೆ 22ರ ಆಸುಪಾಸು, ಕೇಂದ್ರಕ್ಕೆ 21ರ ಆಸುಪಾಸು, ಒಟ್ಟು ಸುಮಾರು 43 ರೂಪಾಯಿ ತೆರಿಗೆ.

ಬೆಳಗ್ಗೆ ಐದೂವರೆಗೆ ಗೇಟಿನ ಚೀಲಕ್ಕೆ ಪ್ಯಾಕೆಟ್ ಹಾಕಿ ಹೋಗುವ ಹಾಲಿನವರನ್ನು ನೆನೆಸಿಕೊಳ್ಳಿ. ಮಗಳು ಸರ್ಕಾರಿ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದಾಳೆ, ತಿಂಗಳ ದುಡಿಮೆ 20,000 ಎಂದಿಟ್ಟುಕೊಳ್ಳಿ. ದಿನಕ್ಕೆ ನೂರು ರೂಪಾಯಿ ಪೆಟ್ರೋಲ್ ಬೇಕು. ಪ್ಯಾಕೆಟ್ಟಿನ ಕಮಿಷನ್ ನಿಗದಿಯಾಗಿರುವುದರಿಂದ ಪೆಟ್ರೋಲ್ ಏರಿದರೂ ಹಾಲಿನ ರೇಟು ಏರಿಸುವಂತಿಲ್ಲ. ವರ್ಷಕ್ಕೆ ಪೆಟ್ರೋಲಿನ ತೆರಿಗೆಯೇ ಸುಮಾರು 15,700. ಅದರಲ್ಲಿ ರಾಜ್ಯಕ್ಕೆ ನೇರವಾಗಿ ಸೇರುವುದೇ 8,000.

ಈಗ ಶೇಕಡಾ ಹಾಕಿ

ರೂಪಾಯಿ ಹೋಲಿಸಿದರೆ ಭಾವನದ್ದೇ ಮೇಲುಗೈ, ಅದು ನಿಜ. ಆದರೆ ದುಡಿಮೆಯ ಭಾಗವಾಗಿ ನೋಡಿ. 15 ಲಕ್ಷದಲ್ಲಿ 97,500 ಅಂದರೆ ಶೇ 6.5. 2.4 ಲಕ್ಷದಲ್ಲಿ 15,700 ಅಂದರೂ ಶೇ 6.5. ಭಾವನ ಕಾರಿನ ಪೆಟ್ರೋಲ್ ಸೇರಿಸಿದರೆ ಅವರದ್ದು ಏರುತ್ತದೆ. ಹಾಲಿನವರ ಸೋಪು, ಮೊಬೈಲು, ಚಪ್ಪಲಿ ಸೇರಿಸಿದರೆ ಇವರದ್ದೂ ಏರುತ್ತದೆ. ನಿಮ್ಮ ಮನೆಯ ಅಂಕಿ ಬೇರೆ ಬರಬಹುದು, ಹಾಕಿ ನೋಡಿ.

ಬಲಗಡೆ ಕಲಂ

ಕಟ್ಟದೆ ಉಳಿದ ತೆರಿಗೆಯೂ ಬಂದದ್ದೇ. ಇದನ್ನು ಯಾರೂ ಬರೆಯುವುದಿಲ್ಲ. 2025-26ರ ಲೆಕ್ಕಕ್ಕೆ, ಹಳೇ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಶಿಕ್ಷಣ ಸಾಲದ ಬಡ್ಡಿಗೆ ಆದಾಯ ತೆರಿಗೆ ಕಾಯ್ದೆಯ 80ಇ ಸೆಕ್ಷನ್ ಅಡಿ ವಿನಾಯಿತಿ ಇದೆ, ಮೊತ್ತಕ್ಕೆ ಮಿತಿಯಿಲ್ಲ, ಎಂಟು ವರ್ಷ. ಲಕ್ಷ ರೂಪಾಯಿ ಬಡ್ಡಿ ಕಟ್ಟಿದ ಶೇ 30ರ ಸ್ಲ್ಯಾಬಿನವರಿಗೆ ಸೆಸ್ ಸೇರಿ 31,200 ಉಳಿಯುತ್ತದೆ. ಶೇ 20ರವರಿಗೆ 20,800. ಹಾಲಿನವರು ಅದೇ ಬ್ಯಾಂಕಿನಲ್ಲಿ ಅದೇ ಸಾಲ ಮಾಡಿ ಅಷ್ಟೇ ಬಡ್ಡಿ ಕಟ್ಟಿದರೆ ಉಳಿಯುವುದು ಸೊನ್ನೆ. ಹೆಚ್ಚು ಇದ್ದವರಿಗೆ ಹೆಚ್ಚು ಕೊಡುವ ಈ ಸ್ಕಾಲರ್‌ಶಿಪ್ಪಿಗೆ ಪಂಕ್ತಿಯಲ್ಲಿ ಯಾರೂ ಪುಕ್ಕಟೆ ಎನ್ನುವುದಿಲ್ಲ. ಇದಕ್ಕೆ ತದ್ವಿರುದ್ಧವಾಗಿರುವುದು 2024ರ ಕೇಂದ್ರದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ: ಮನೆಯ ವರಮಾನ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3ರ ಬಡ್ಡಿ ಸಹಾಯ. ಪಟ್ಟಿಯಲ್ಲಿರುವ ಕಾಲೇಜಿನಲ್ಲೇ ಸೀಟು ಸಿಕ್ಕಿರಬೇಕು.

ಮನೆಯಲ್ಲಿ ಯಾರಾದರೂ ಐಐಟಿಯಲ್ಲಿ ಓದಿದ್ದರೆ ಅದನ್ನೂ ಬರೆಯಿರಿ. 2025-26ರ ಕೇಂದ್ರ ಬಜೆಟ್ಟಿನಲ್ಲಿ ಉನ್ನತ ಶಿಕ್ಷಣ ಇಲಾಖೆಯ ಸುಮಾರು 50 ಸಾವಿರ ಕೋಟಿಯಲ್ಲಿ 11 ಸಾವಿರ ಕೋಟಿಗೂ ಹೆಚ್ಚು ಧಾರವಾಡದ್ದೂ ಸೇರಿ 23 ಐಐಟಿಗಳಿಗೆ ಮೀಸಲಿತ್ತು. ಹಾಲಿನವರ ಅಬಕಾರಿ ಸುಂಕವೂ ಅದೇ ಖಜಾನೆಗೆ ಹೋಗಿದೆ.

ಕೊನೆಗೆ ಪೋಸ್ಟಲ್ ಆರ್ಡರ್

ಒಬ್ಬ ವಿದ್ಯಾರ್ಥಿಗೆ ಸರ್ಕಾರ ಮಾಡುವ ಖರ್ಚು ಫೀಸಿನ ರಸೀದಿಯಲ್ಲಿ ಇರುವುದಿಲ್ಲ. ಕಾಲೇಜಿನ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿದ್ದರೆ ಅದೂ ಇಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಪೀಠಿಕೆ ಹಾಕಬೇಡಿ. ಒಂದು ಆರ್ಥಿಕ ವರ್ಷ ಹೆಸರಿಸಿ ನಾಲ್ಕು ಅಂಕಿ ಕೇಳಿ: ಸಂಬಳದ ವೆಚ್ಚ, ಇತರ ವೆಚ್ಚ, ವಸೂಲಾದ ಫೀಸು, ದಾಖಲಾತಿ. ಅತಿಥಿ ಉಪನ್ಯಾಸಕರ ಗೌರವಧನ ಸಂಬಳದಲ್ಲಿ ಸೇರಿದೆಯೇ ಎಂದು ಕೇಳಲು ಮರೆಯಬೇಡಿ, ಬಿಟ್ಟರೆ ಲೆಕ್ಕವೇ ಕೆಡುತ್ತದೆ. ಉತ್ತರಕ್ಕೆ 30 ದಿನ ಗಡುವು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಬಂದ ವೆಚ್ಚದಲ್ಲಿ ಫೀಸು ಕಳೆದು, ದಾಖಲಾತಿಯಿಂದ ಭಾಗಿಸಿ, ಓದಿದ ವರ್ಷಗಳಿಂದ ಗುಣಿಸಿ ಬಲಗಡೆ ಬರೆಯಿರಿ. ಭಾವ ಇಂಜಿನಿಯರಿಂಗ್ ಓದಿದ್ದು ಸರ್ಕಾರಿ ಸೀಟಿನಲ್ಲಿ. ತಮ್ಮ ಹಳೇ ಕಾಲೇಜಿಗೆ ಅರ್ಜಿ ಬರೆದಿಟ್ಟಿದ್ದಾರೆ, ಪೋಸ್ಟಲ್ ಆರ್ಡರ್ ನಾನೇ ತಂದುಕೊಟ್ಟೆ. ಹತ್ತು ರೂಪಾಯಿ ಇನ್ನೂ ಕೊಟ್ಟಿಲ್ಲ.